ತೂತಿಗೆ ತಕ್ಕ ಬೋಲ್ಟ್: ಹಳೆ ಯೆಜ್ಡಿಗೆ ಲೇತ್‌ನಲ್ಲಿ ಡ್ರೈನ್ ಪ್ಲಗ್ ಮಾಡಿಕೊಳ್ಳುವುದು ಹೇಗೆ

ನನ್ನ ಯೆಜ್ಡಿ ನಿಲ್ಲಿಸಿದ ಕಡೆಯೆಲ್ಲ ಗುರುತು ಬಿಟ್ಟು ಹೋಗುತ್ತಿತ್ತು. ಬೆಳಗ್ಗೆ ನೋಡಿದರೆ ಗೇರ್‌ಬಾಕ್ಸ್ ಕೆಳಗೆ ಅಂಗೈ ಅಗಲದ ಎಣ್ಣೆ ಕಲೆ. ರಟ್ಟು ಹಾಸಿದೆ. ಎರಡು ದಿನದಲ್ಲಿ ರಟ್ಟೂ ನೆನೆದುಹೋಯಿತು. ಎಣ್ಣೆ ಬಸಿಯುವ ತೂತಿಗೆ ಹಾಕುವ ಡ್ರೈನ್ ಪ್ಲಗ್ ಸವೆದಿರಬೇಕು ಅಂದುಕೊಂಡು ಹೊಸದು ತಂದೆ. ಹಳೆಯದನ್ನು ಬಿಚ್ಚಿದರೆ, ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಐದಾರು ಸುತ್ತು ಸುತ್ತಿ ತುರುಕಿದ್ದ ಯಾವುದೋ ಬೋಲ್ಟ್ ಹೊರಗೆ ಬಂತು. ಹೊಸ ಪ್ಲಗ್ ಇಟ್ಟೆ. ತಿರುಗಿಸುವ ಕೆಲಸವೇ ಇಲ್ಲ, ಸೀದಾ ಒಳಗೆ ಹೋಗಿ ಸೀದಾ ಕೆಳಗೆ ಬಿತ್ತು.

ಏನಾಗಿದೆ ಅಂತ ಆಗ ಗೊತ್ತಾಯಿತು. ಹಿಂದೆ ಯಾರೋ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಬಿಗಿದಿದ್ದಾರೆ. ಅಲ್ಯೂಮಿನಿಯಂ ಕೇಸ್‌ನ ಥ್ರೆಡ್, ಅಂದರೆ ತೂತಿನೊಳಗಿನ ತಿರುಪಿನ ಸುತ್ತು, ಕಿತ್ತು ಬಂದಿದೆ. ಆಮೇಲೆ ಅದೇ ತೂತಿಗೆ ದೊಡ್ಡ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಸಲಕರಣೆ) ಹೊಡೆದಿದ್ದಾರೆ. ಈಗ ಅಂಗಡಿಯ ಯಾವ ಪ್ಲಗ್ಗೂ ಅದಕ್ಕೆ ಕೂರುವುದಿಲ್ಲ.

ಮೈಸೂರಿನಲ್ಲಿ ಈ ಗಾಡಿ ಇಟ್ಟುಕೊಂಡವರಿಗೆ ಬಿಡಿಭಾಗದ ಬರ ಅಷ್ಟಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿತು, 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಊರಿನಲ್ಲಿ ಈ ಗಾಡಿಯನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವವರು ಇನ್ನೂ ಇದ್ದಾರೆ. ತೊಂದರೆ ಇರುವುದು ಬೇರೆ ಕಡೆ. ಸಿಗುವ ಭಾಗ ಕಾರ್ಖಾನೆಯ ಅಳತೆಯದು. ನಮ್ಮ ಗಾಡಿ ಆ ಅಳತೆ ಬಿಟ್ಟು ಎಷ್ಟೋ ವರ್ಷವಾಗಿರುತ್ತದೆ. ಲೇತ್, ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ, ಬೇಕಾಗುವುದು ಆಗಲೇ.

ನಾನು ಲೇತ್ ಮುಟ್ಟಿದ್ದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಅಂಗಡಿಯಲ್ಲಿ, ಅಲ್ಲಿನ ಹಿರಿಯ ಟರ್ನರ್ (ಲೇತ್ ನಡೆಸುವವರು) ಪಕ್ಕ ನಿಂತು. ನಿಮಗೆ ಲೇತ್ ಬರುತ್ತದೆ ಅಂದರೆ ಇದನ್ನು ಹಾಗೇ ಮಾಡಿ. ಬರುವುದಿಲ್ಲ ಅಂದರೂ ಓದಿಟ್ಟುಕೊಳ್ಳಿ. ಟರ್ನರ್ ಹತ್ತಿರ ಹೋದಾಗ ಏನು ತೆಗೆದುಕೊಂಡು ಹೋಗಬೇಕು, ಏನು ಕೇಳಬೇಕು ಅನ್ನುವುದಾದರೂ ಗೊತ್ತಿರುತ್ತದೆ.

ಯಾವುದನ್ನು ಮಾಡಬಹುದು, ಯಾವುದನ್ನು ಮಾಡಬಾರದು

ಡ್ರೈನ್ ಪ್ಲಗ್, ಎಣ್ಣೆ ಹಾಕುವ ಮುಚ್ಚಳ, ಕವರ್‌ನ ಸ್ಟಡ್, ಸೈಲೆನ್ಸರ್ ಕ್ಲ್ಯಾಂಪ್ ನಟ್, ಇಂಥವು ಕಲಿಯಲು ಒಳ್ಳೆಯವು. ಕೆಟ್ಟರೆ ಎಣ್ಣೆ ಸೋರುತ್ತದೆ, ಸದ್ದು ಜಾಸ್ತಿ ಆಗುತ್ತದೆ, ಅಷ್ಟೆ. ಚಕ್ರದ ಆಕ್ಸಲ್, ಫೋರ್ಕ್ ಭಾಗ, ಹ್ಯಾಂಡಲ್ ಸ್ಟೆಮ್, ಬ್ರೇಕ್‌ಗೆ ಸೇರಿದ ಯಾವುದೇ ಬೋಲ್ಟ್, ಇವುಗಳ ತಂಟೆಗೆ ಹೋಗಬೇಡಿ. ಅಲ್ಲಿ ಅಳತೆ ಸರಿಯಾದರೆ ಸಾಲದು. ಯಾವ ಉಕ್ಕು, ಅದನ್ನು ಹೇಗೆ ಹದ ಮಾಡಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗುಜರಿಯ ರಾಡ್‌ನಲ್ಲಿ ಕಡೆದ ಆಕ್ಸಲ್ ನೋಡಲು ಚೆನ್ನಾಗೇ ಇರುತ್ತದೆ, ಗುಂಡಿ ಸಿಗುವವರೆಗೆ.

ಮೊದಲು ತೂತನ್ನು ಕೇಳಿ

ಹಳೆ ಬೋಲ್ಟ್ ಹಿಡಿದುಕೊಂಡು ಹೋಗಿ "ಇದೇ ಥರ ಒಂದು ಮಾಡಿಕೊಡಿ" ಅನ್ನುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದೆ. ಟರ್ನರ್ ಅದನ್ನು ಒಂದು ಸಲ ತಿರುಗಿಸಿ ನೋಡಿ ನನ್ನ ಕೈಗೇ ವಾಪಸ್ ಕೊಟ್ಟರು. "ಸಾರ್, ಇದು ಸರಿ ಇದ್ದಿದ್ರೆ ನೀವ್ಯಾಕೆ ಇಲ್ಲಿಗೆ ಬರ್ತಿದ್ರಿ? ತೂತು ನೋಡ್ಕೊಂಡು ಬನ್ನಿ" ಅಂದರು.

ತೂತನ್ನು ನೋಡುವುದಕ್ಕೆ ಮುಂಚೆ ತೊಳೆಯಬೇಕು. ಎಣ್ಣೆ ಪೂರ್ತಿ ಬಸಿಯಿರಿ. ಹಳೆ ಟೂತ್ ಬ್ರಶ್ಶಿಗೆ ಸೀಮೆಎಣ್ಣೆಯೋ ಡೀಸೆಲ್ಲೋ ಹಚ್ಚಿ ಥ್ರೆಡ್‌ನ ಸಂದಿಯೆಲ್ಲ ಉಜ್ಜಿ. ಬಿಳಿ ಟೇಪಿನ ಎಳೆಗಳು ಇದ್ದರೆ ಸೂಜಿಯಿಂದ ಒಂದೊಂದಾಗಿ ಎತ್ತಿ. ನನ್ನ ಗಾಡಿಯಲ್ಲಿ ಇದಕ್ಕೇ ಅರ್ಧ ಗಂಟೆ ಹೋಯಿತು.

ಆಮೇಲೆ ಮೂರು ಅಳತೆ ಬೇಕು.

ಒಂದು, ತೂತಿನ ಒಳವ್ಯಾಸ. ವರ್ನಿಯರ್ ಅಳತೆಪಟ್ಟಿಯ ಮೇಲಿನ ಸಣ್ಣ ಕೊಕ್ಕೆಗಳನ್ನು ಒಳಗಿಟ್ಟು ನಾಲ್ಕೈದು ಕಡೆ ನೋಡಿ. ನನಗೆ 16.4, 16.45 ಹೀಗೆ ಬಂತು. ಇದು ಥ್ರೆಡ್‌ನ ತುದಿಯಿಂದ ತುದಿಗೆ ಇರುವ ಅಳತೆ, ಬೋಲ್ಟ್‌ನ ಅಳತೆ ಅಲ್ಲ.

ಎರಡು, ಪಿಚ್. ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ದೂರ. ತೂತಿನ ಒಳಗೆ ಪಿಚ್ ಗೇಜ್ (ಪಿಚ್ ಅಳೆಯುವ ಹಲ್ಲಿನ ಪಟ್ಟಿ) ಹಿಡಿಯುವುದು ಕಷ್ಟ. ಮಕ್ಕಳು ಆಡುವ ಕ್ಲೇ ಸ್ವಲ್ಪ ತೆಗೆದುಕೊಳ್ಳಿ. ತೂತಿನ ಒಂದು ಬದಿಗೆ ಮಾತ್ರ ಒತ್ತಿ, ಮೆಲ್ಲಗೆ ಮಧ್ಯಕ್ಕೆ ಎಳೆದು ಹೊರಗೆ ತೆಗೆಯಿರಿ. ಥ್ರೆಡ್ ಅಚ್ಚು ಬಿದ್ದಿರುತ್ತದೆ. ಅದರ ಮೇಲೆ ಗೇಜ್ ಇಡಿ. ನನಗೆ 1.5 ಮಿ.ಮೀ. ಕೂತಿತು.

ಈಗ ಲೆಕ್ಕ. 60 ಡಿಗ್ರಿಯ ಮೆಟ್ರಿಕ್ ಥ್ರೆಡ್‌ನಲ್ಲಿ ತೂತಿನ ಒಳವ್ಯಾಸಕ್ಕೆ ಪಿಚ್‌ನ 1.08 ಪಟ್ಟು ಸೇರಿಸಿದರೆ ಬೋಲ್ಟ್‌ನ ಅಳತೆ ಸಿಗುತ್ತದೆ. 1.5ಕ್ಕೆ ಅದು 1.62. 16.4ಕ್ಕೆ ಸೇರಿಸಿದರೆ 18.02. ಅಂದರೆ ಎಂ 18 × 1.5: ಎಂ ಅಂದರೆ ಮೆಟ್ರಿಕ್, 18 ವ್ಯಾಸ, 1.5 ಪಿಚ್.

ಮೂರು, ತೂತಿನ ಆಳ. ನನ್ನ ಕೇಸ್‌ನಲ್ಲಿ 13 ಮಿ.ಮೀ. ಇದನ್ನು ಮರೆತು ಪ್ಲಗ್ ಉದ್ದ ಮಾಡಿದರೆ ಅದರ ತುದಿ ಒಳಗಿನ ಗೇರ್‌ಗೆ ತಾಗಬಹುದು. ಆಮೇಲೆ ಪ್ಲಗ್ ಬಿಡಿ, ಗೇರ್‌ಬಾಕ್ಸನ್ನೇ ಬಿಚ್ಚಬೇಕಾಗುತ್ತದೆ.

ಇಲ್ಲಿ ಒಂದು ಮಾತು. ಯೆಜ್ಡಿಯ ಮೂಲವಾದ ಜಾವಾ ಜೆಕ್ ದೇಶದ ಗಾಡಿ, ಹಾಗಾಗಿ ಅದರ ಥ್ರೆಡ್ ಮೆಟ್ರಿಕ್. ನಿಮ್ಮದು ಹಳೆ ಬುಲೆಟ್ಟೋ ಹಳೆ ಅಂಬಾಸಿಡರೋ ಆದರೆ ಅದರ ಮೂಲ ಇಂಗ್ಲೆಂಡ್. ಜೀಪಿನ ಮೂಲ ಅಮೆರಿಕ. ಅಲ್ಲಿ ಇಂಚಿನ ಥ್ರೆಡ್ ಸಿಗುತ್ತದೆ. ಅದರಲ್ಲೂ ಹಳೆ ಬ್ರಿಟಿಷ್ ವಿಟ್‌ವರ್ತ್ ಥ್ರೆಡ್‌ನ ಕೋನ 55 ಡಿಗ್ರಿ. ಮೆಟ್ರಿಕ್, ಅಮೆರಿಕದ್ದು ಎರಡೂ 60. ಮೋಸ ಹೋಗುವುದು ಬಹಳ ಸುಲಭ. ಇಂಚಿಗೆ 16 ಸುತ್ತು ಅಂದರೆ ಪಿಚ್ 1.5875 ಮಿ.ಮೀ. ನಮ್ಮ 1.5ಕ್ಕೂ ಅದಕ್ಕೂ ಒಂದು ಸುತ್ತಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲ. ಹತ್ತು ಸುತ್ತಿಗೆ ಹೋದರೆ 0.875 ಮಿ.ಮೀ. ವ್ಯತ್ಯಾಸ. ಅದಕ್ಕೇ ಗೇಜನ್ನು ಎರಡು ಸುತ್ತಿಗೆ ಹಿಡಿದು ತೀರ್ಮಾನಕ್ಕೆ ಬರಬೇಡಿ, ಎಷ್ಟು ಉದ್ದ ಸಿಗುತ್ತದೋ ಅಷ್ಟೂ ಹಿಡಿಯಿರಿ. ಗೇಜ್ ಹಿಂದೆ ಬೆಳಕು ಇರಲಿ.

ಲೆಕ್ಕ ಮಾಡಿದ್ದಾಯಿತು, ಆದರೂ ಇನ್ನೊಂದು ಸಾಕ್ಷಿ ಬೇಕು. ಎಂ 18 × 1.5 ಬೋಲ್ಟ್ ಹುಡುಕಿಕೊಂಡು ಅಲೆಯಬೇಕಿಲ್ಲ. ಈಗಿನ ಪೆಟ್ರೋಲ್ ಕಾರುಗಳ ಸೈಲೆನ್ಸರ್ ಪೈಪಿಗೆ ಹಾಕುವ ಆಕ್ಸಿಜನ್ ಸೆನ್ಸರ್ ಇದೆಯಲ್ಲ, ಸಾಮಾನ್ಯವಾಗಿ ಅದರ ಥ್ರೆಡ್ ಇದೇ. ಕಾರ್ ಮೆಕ್ಯಾನಿಕ್ ಹತ್ತಿರ ಕೆಟ್ಟದ್ದು ಒಂದು ಕೇಳಿ, ಸುಮ್ನೆ ಕೊಡುತ್ತಾರೆ. ಹಳೆ ಕಾಲದ 18 ಮಿ.ಮೀ. ಸ್ಪಾರ್ಕ್ ಪ್ಲಗ್ ಆದರೂ ನಡೆಯುತ್ತದೆ. ಅದನ್ನು ಕೈಯಲ್ಲೇ ತೂತಿಗೆ ತಿರುಗಿಸಿ. ನನ್ನದು ಕೊನೆಯವರೆಗೂ ಹೋಯಿತು. ಪಿಚ್ ಸರಿ ಅಂತಾಯಿತು. ಆದರೆ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತಿತ್ತು. ತೂತು ಸಡಿಲ.

ಈ ಸಡಿಲ ಇರುವುದಕ್ಕೇ ಲೇತ್ ಬೇಕು. ಡೈ (ರಾಡ್ ಮೇಲೆ ಥ್ರೆಡ್ ಕೊರೆಯುವ ಅಚ್ಚು) ಹಾಕಿ ತೆಗೆದ ಥ್ರೆಡ್ ಡೈ ಹೇಳಿದ ದಪ್ಪಕ್ಕೇ ಬರುತ್ತದೆ. ಲೇತ್‌ನಲ್ಲಿ ಕೂದಲೆಳೆಯಷ್ಟು ದಪ್ಪ ಉಳಿಸಿಕೊಳ್ಳಬಹುದು. ಆದರೆ ತೂತಿನ ಥ್ರೆಡ್ ಪೂರ್ತಿ ಮಾಯವಾಗಿದ್ದರೆ ಯಾವ ಪ್ಲಗ್ಗೂ ನಿಲ್ಲುವುದಿಲ್ಲ. ಆಗ ಆರ್ಗಾನ್ ವೆಲ್ಡಿಂಗ್ ಮಾಡಿಸಿ ಹೊಸದಾಗಿ ಟ್ಯಾಪ್ ಹೊಡೆಸುವುದೇ ದಾರಿ.

ಕಾಗದ, ಕಬ್ಬಿಣ

ಒಂದು ಚೀಟಿಯಲ್ಲಿ ಚಿತ್ರ ಬರೆಯಿರಿ. ಚೆನ್ನಾಗಿ ಬರೆಯಬೇಕು ಅಂತೇನಿಲ್ಲ, ಅಳತೆ ಇದ್ದರೆ ಸಾಕು. ನನ್ನದು ಹೀಗಿತ್ತು: ತಲೆ 24 ಮಿ.ಮೀ. ಸ್ಪ್ಯಾನರ್‌ಗೆ, ಎತ್ತರ 10. ತಲೆಯ ಕೆಳಗಿನ ಉದ್ದ 13.5. ಅದರಲ್ಲಿ ತಲೆಗೆ ಅಂಟಿಕೊಂಡಂತೆ 2.5 ಮಿ.ಮೀ. ಅಗಲದ ಹಳ್ಳ, ಉಳಿದದ್ದು ಥ್ರೆಡ್. ಕೇಸ್ 13, ತಾಮ್ರದ ವಾಷರ್ 1.5, ಒಟ್ಟು 14.5. ಪ್ಲಗ್ 13.5 ಇದ್ದರೆ ಒಳಗೆ 1 ಮಿ.ಮೀ. ಹಿಂದೆಯೇ ನಿಲ್ಲುತ್ತದೆ. ಹಳ್ಳ ಯಾಕೆ ಅಂದರೆ, ಥ್ರೆಡ್ ಕಟ್ ಮಾಡುವ ಟೂಲ್‌ಗೆ ಕೊನೆಯಲ್ಲಿ ನಿಲ್ಲಲು ಜಾಗ ಬೇಕು. ಹಳ್ಳ ಇಲ್ಲದಿದ್ದರೆ ಕೊನೆಯ ಸುತ್ತು ಅರ್ಧಂಬರ್ಧ ಉಳಿದು, ತಲೆ ವಾಷರ್‌ಗೆ ಕೂರುವುದೇ ಇಲ್ಲ.

ರಾಡ್ ಆರಿಸುವಾಗ ಆರು ಮೂಲೆಯ ಹೆಕ್ಸ್ ರಾಡ್ ಕೇಳಿ. ದುಂಡು ರಾಡ್ ತಂದರೆ ತಲೆಯ ಆರು ಮುಖ ಅರ ಹಾಕಿ ತೀಡುತ್ತಾ ಕೂರಬೇಕು. 24 ಮಿ.ಮೀ. ಹೆಕ್ಸ್, ಇಎನ್ 1ಎ ಅನ್ನುವ ದರ್ಜೆಯ ಉಕ್ಕು ಸಿಕ್ಕರೆ ಬಹಳ ಒಳ್ಳೆಯದು. ಅದು ಬೆಣ್ಣೆ ಥರ ಕಟ್ ಆಗುತ್ತದೆ, ಥ್ರೆಡ್ ನುಣ್ಣಗೆ ಬರುತ್ತದೆ. ಇಎನ್ 8 ಗಟ್ಟಿ, ಈ ಕೆಲಸಕ್ಕೆ ಅಷ್ಟು ಗಟ್ಟಿ ಬೇಡ. ಹಿತ್ತಾಳೆಯೂ ಆಗುತ್ತದೆ.  ಸ್ಟೇನ್‌ಲೆಸ್ ಬೇಡ. ಹೊಳೆಯುತ್ತದೆ ಅಂತ ಆಸೆಪಡುತ್ತಾರೆ. ಕಲಿಯುವವರ ಕೈಯಲ್ಲಿ ಅದರ ಥ್ರೆಡ್ ಹರಿದು ಹರಿದು ಬರುತ್ತದೆ.

120 ಮಿ.ಮೀ. ಉದ್ದ ತನ್ನಿ. ಒಂದು ಪ್ಲಗ್ ಅಲ್ಲ, ಮೂರು ಮಾಡುತ್ತೇವೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಟರ್ನರ್ ಹತ್ತಿರ ಹೋಗುವ ಹೊತ್ತೂ ಮುಖ್ಯ. ಮೈಸೂರಿನಲ್ಲಿ ಆಯುಧಪೂಜೆಯ ಹಿಂದಿನ ದಿನಗಳಲ್ಲಿ ಹೋದರೆ ಎಲ್ಲರೂ ಮೆಷಿನ್ ತೊಳೆಯುತ್ತಿರುತ್ತಾರೆ. ಮಂಡ್ಯ ಕಡೆ ಆಲೆಮನೆ ಗಾಣದ ಶಾಫ್ಟೋ ಬುಶ್ಶೋ ಬಂದು ಕೂತಿದ್ದರೆ ನಿಮ್ಮ ಒಂದಿಂಚಿನ ಪ್ಲಗ್ ಮೂಲೆ ಸೇರುತ್ತದೆ. ಅವರ ತಪ್ಪಲ್ಲ. ಅಲ್ಲಿ ಕಬ್ಬು ಕಾಯುತ್ತಿರುತ್ತದೆ.

ಟೂಲ್ ಉಜ್ಜುವುದು

ಥ್ರೆಡ್ ಚೆನ್ನಾಗಿ ಬರುವುದು, ಬಾರದೆ ಇರುವುದು ಅರ್ಧಕ್ಕಿಂತ ಜಾಸ್ತಿ ಇಲ್ಲೇ ತೀರ್ಮಾನ ಆಗುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಿಟ್, ಅಂದರೆ ಲೇತ್‌ನಲ್ಲಿ ಕಬ್ಬಿಣ ಕಡೆಯುವ ಉಳಿ, ತೆಗೆದುಕೊಳ್ಳಿ. ನಿಧಾನದ ಕೆಲಸಕ್ಕೆ ಕಾರ್ಬೈಡ್‌ಗಿಂತ ಇದೇ ವಾಸಿ. ಗ್ರೈಂಡರ್‌ನಲ್ಲಿ ಎರಡೂ ಬದಿ ಉಜ್ಜಿ 60 ಡಿಗ್ರಿ ಮೂತಿ ಮಾಡಿ. ಮೀನಿನ ಬಾಲದ ಥರ ಇರುವ ಸೆಂಟರ್ ಗೇಜ್‌ನ ವಿ ಆಕಾರದೊಳಗೆ ಟೂಲ್ ಇಟ್ಟು ಬೆಳಕಿಗೆ ಹಿಡಿಯಿರಿ. ಎಲ್ಲೂ ಬೆಳಕು ಸೋರಬಾರದು. ಮೇಲ್ಮುಖ ಚಪ್ಪಟೆ ಇರಲಿ, ಇಳಿಜಾರು ಬೇಡ. ಬದಿಗಳ ಕೆಳಗೆ ಮಾತ್ರ ಏಳೆಂಟು ಡಿಗ್ರಿ ಒಳಕ್ಕೆ ಇಳಿದಿರಬೇಕು. ಇಲ್ಲದಿದ್ದರೆ ಟೂಲ್‌ನ ಹೊಟ್ಟೆ ಥ್ರೆಡ್‌ಗೆ ಉಜ್ಜುತ್ತದೆ.

ಮೂತಿ ಸೂಜಿಯಂತೆ ಬಿಡಬೇಡಿ, ಮೊದಲ ಕಟ್‌ಗೇ ಮುರಿಯುತ್ತದೆ. ಆಯಿಲ್ ಸ್ಟೋನ್‌ನಲ್ಲಿ ಒಂದೆರಡು ಸಲ ಸವರಿ. 1.5 ಪಿಚ್‌ಗೆ ತುದಿಯಲ್ಲಿ 0.2 ಮಿ.ಮೀ.ಗಿಂತ ಚೂರು ಕಮ್ಮಿ ಅಗಲ ಚಪ್ಪಟೆ ಇದ್ದರೆ ಸಾಕು. ಉಜ್ಜುವಾಗ ಆಗಾಗ ನೀರಿಗೆ ಅದ್ದಿ.

ಟೂಲನ್ನು ಅದನ್ನು ಹಿಡಿಯುವ ಟೂಲ್ ಪೋಸ್ಟ್‌ಗೆ ಕಟ್ಟುವಾಗ ತುದಿ ಸೆಂಟರ್ ಎತ್ತರಕ್ಕೇ, ಅಂದರೆ ರಾಡ್‌ನ ನಡುಮಟ್ಟಕ್ಕೇ, ಇರಬೇಕು. ಲೇತ್‌ನ ಬಲತುದಿಯಲ್ಲಿರುವ ಟೇಲ್‌ಸ್ಟಾಕ್‌ನ ಸೆಂಟರ್ ಮೂತಿಗೆ ತಾಗಿಸಿ ನೋಡಿ. ಸೆಂಟರ್ ಗೇಜನ್ನು ರಾಡ್‌ಗೆ ಒರಗಿಸಿ ಟೂಲ್ ನೇರಕ್ಕೆ ನಿಂತಿದೆಯೇ ನೋಡಿ. ವಾಲಿದ ಟೂಲ್ ವಾಲಿದ ಥ್ರೆಡ್ ಕೊಡುತ್ತದೆ. ಅದು ಅರ್ಧ ಹೋಗಿ ಬಿಗಿಯುತ್ತದೆ. ನೀವು "ದಪ್ಪ ಇರಬೇಕು" ಅಂದುಕೊಂಡು ಇನ್ನೂ ಕಟ್ ಮಾಡಿ ಕೆಡಿಸುತ್ತೀರಿ.

ಗೇರ್ ಹಾಕುವುದು

ಲೇತ್‌ನ ಲೀಡ್ ಸ್ಕ್ರೂ (ಥ್ರೆಡ್ ಹೊಡೆಯುವಾಗ ಟೂಲನ್ನು ಎಳೆದುಕೊಂಡು ಹೋಗುವ ಉದ್ದ ತಿರುಪು) ಮೆಟ್ರಿಕ್ಕೋ ಇಂಚೋ ಮೊದಲು ಕೇಳಿಕೊಳ್ಳಿ. 6 ಮಿ.ಮೀ. ಪಿಚ್‌ನ ಮೆಟ್ರಿಕ್ ಲೀಡ್ ಸ್ಕ್ರೂ ಇದ್ದರೆ ನಿಮ್ಮ ಅದೃಷ್ಟ. 6ನ್ನು 1.5ರಿಂದ ಭಾಗಿಸಿದರೆ ಸರಿಯಾಗಿ 4. ಪ್ರತಿ ಕಟ್ ಆದ ಮೇಲೆ ಟೂಲನ್ನು ಲೀಡ್ ಸ್ಕ್ರೂಗೆ ಸಿಕ್ಕಿಸುವ ಹಾಫ್ ನಟ್ ಬಿಚ್ಚಿ, ಕೈಯಲ್ಲಿ ಹಿಂದೆ ತಂದು, ಎಲ್ಲಿ ಬೇಕಾದರೂ ಮತ್ತೆ ಹಾಕಿ. ಟೂಲ್ ಅದೇ ದಾರಿ ಹಿಡಿಯುತ್ತದೆ.

ನಾನು ಕೆಲಸ ಮಾಡಿದ್ದು ಹಳೆ ಬೆಲ್ಟ್ ಲೇತ್. ಅದರ ಲೀಡ್ ಸ್ಕ್ರೂ ಇಂಚಿಗೆ 4 ಸುತ್ತಿನದು, ಅಂದರೆ 6.35 ಮಿ.ಮೀ. ಇಂಥ ಮೆಷಿನ್‌ನಲ್ಲಿ ಮೆಟ್ರಿಕ್ ಥ್ರೆಡ್ ಬೇಕಾದರೆ 127 ಹಲ್ಲಿನ ಗೇರ್ ಬೇಕು. 127 ಯಾಕೆ? ಒಂದು ಇಂಚು 25.4 ಮಿ.ಮೀ., ಅದರ ಐದು ಪಟ್ಟು 127. ಅದಕ್ಕಿಂತ ಸಣ್ಣ ಪೂರ್ಣ ಸಂಖ್ಯೆ ಸಿಗುವುದಿಲ್ಲ. ನಮ್ಮ 1.5 ಪಿಚ್‌ಗೆ ರಾಡ್ ತಿರುಗಿಸುವ ಸ್ಪಿಂಡಲ್ ಕಡೆ 30 ಹಲ್ಲು, ಲೀಡ್ ಸ್ಕ್ರೂ ಕಡೆ 127, ಮಧ್ಯೆ ಎರಡನ್ನೂ ಸೇರಿಸಲು ಯಾವುದಾದರೂ ಐಡ್ಲರ್ ಗೇರ್. ಗೇರ್ ಪೆಟ್ಟಿಗೆಯ ತಳದಲ್ಲಿ ಗ್ರೀಸ್ ಹಿಡಿದು ಬಿದ್ದಿರುವ ಅತಿ ದೊಡ್ಡ ಗೇರ್ ಇದೆಯಲ್ಲ, ಸಾಮಾನ್ಯವಾಗಿ ಅದೇ 127ರದು.

ಇಂಚಿನ ಲೀಡ್ ಸ್ಕ್ರೂನಲ್ಲಿ ಒಂದು ನಿಯಮ: ಕೆಲಸ ಮುಗಿಯುವವರೆಗೆ ಹಾಫ್ ನಟ್ ಬಿಚ್ಚುವ ಹಾಗಿಲ್ಲ. ಮೋಟಾರ್ ಹಿಂದಕ್ಕೆ ಓಡಿಸಿಯೇ ವಾಪಸ್ ಬರಬೇಕು. ನಾನು ಒಂದು ಸಲ ಅಭ್ಯಾಸಬಲದಿಂದ ಬಿಚ್ಚಿಬಿಟ್ಟೆ. ಮುಂದಿನ ಕಟ್ ಹಳೆ ಥ್ರೆಡ್‌ನ ನೆತ್ತಿಯ ಮೇಲೆ ಹೋಯಿತು. ಮೊದಲ ಪ್ಲಗ್ ಅಲ್ಲಿಗೆ ಮುಗಿಯಿತು.

ರಾಡ್ ತಯಾರಿ

ಮೆಷಿನ್ ಓಡಿಸುವ ಮುಂಚೆ ನಿಮ್ಮನ್ನು ನೋಡಿಕೊಳ್ಳಿ. ಗ್ಲೌಸ್ ಬೇಡ. ಉಂಗುರ ತೆಗೆಯಿರಿ. ತೋಳು ಮಡಚಿ. ಪಂಚೆಯಲ್ಲೋ ಲುಂಗಿಯಲ್ಲೋ ಲೇತ್ ಮುಂದೆ ನಿಲ್ಲಬೇಡಿ. ಮಣಿಕಟ್ಟಿಗೆ ಕಟ್ಟಿದ ದೇವರ ದಾರ ಇದ್ದರೆ ಅದನ್ನೂ ಬಿಚ್ಚಿಡಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಕನ್ನಡಕ ಹಾಕಿ. ರಾಡ್ ಹಿಡಿಯುವ ಚಕ್‌ನ ಕೀಲಿಯನ್ನು ಚಕ್‌ನಲ್ಲೇ ಬಿಟ್ಟು ಸ್ವಿಚ್ ಹಾಕಿದರೆ ಅದು ಹಾರಿ ಬರುತ್ತದೆ. ಕಬ್ಬಿಣದ ಸುರುಳಿಯನ್ನು ಕೈಯಲ್ಲಿ ಎಳೆಯಬೇಡಿ, ಕೊಕ್ಕೆ ಇಟ್ಟುಕೊಳ್ಳಿ.

ಹೆಕ್ಸ್ ರಾಡ್ ಮೂರು ಜಾ (ಹಿಡಿಯುವ ದವಡೆ) ಇರುವ ಚಕ್‌ನಲ್ಲಿ ಸರಿಯಾಗಿ ಕೂರುತ್ತದೆ. 35 ಮಿ.ಮೀ. ಹೊರಗೆ ಬಿಡಿ. ಸ್ಪೀಡಿಗೆ ಸುಲಭ ಲೆಕ್ಕ: ಎಚ್‌ಎಸ್‌ಎಸ್ ಟೂಲ್, ಮೈಲ್ಡ್ ಸ್ಟೀಲ್ ಆದರೆ ನಿಮಿಷಕ್ಕೆ 25 ಮೀಟರ್ ಹಿಡಿಯಿರಿ. 25ನ್ನು 318ರಿಂದ ಗುಣಿಸಿ ವ್ಯಾಸದಿಂದ ಭಾಗಿಸಿ. 18 ಮಿ.ಮೀ.ಗೆ ಸುಮಾರು 440 ಸುತ್ತು. ಹೆಕ್ಸ್ ಮೂಲೆ ಕಟ್ ಆಗುವಾಗ ಟೂಲ್‌ಗೆ ಪೆಟ್ಟು ಬೀಳುವುದರಿಂದ 300ರ ಹತ್ತಿರ ಶುರು ಮಾಡಿ.

ರಾಡ್‌ನ ಮುಖ ಫೇಸಿಂಗ್ ಮಾಡಿ, ಅಂದರೆ ಸಮತಟ್ಟಾಗಿ ಕಡೆಯಿರಿ. ಆಮೇಲೆ 13.5 ಉದ್ದಕ್ಕೆ ಟರ್ನಿಂಗ್, ಅಂದರೆ ದುಂಡಗೆ ಕಡೆದು ವ್ಯಾಸ ಇಳಿಸುವುದು. ತೂತು ಹೊಸದಾಗಿದ್ದರೆ 17.85ಕ್ಕೆ ಇಳಿಸಬಹುದು. ನನ್ನದು ಸಡಿಲವಾದ್ದರಿಂದ 17.95ಕ್ಕೆ ನಿಲ್ಲಿಸಿದೆ. ತಲೆಯ ಕೆಳಮುಖವನ್ನು ಇದೇ ಹಿಡಿತದಲ್ಲಿ ಫೇಸ್ ಮಾಡಬೇಕು. ವಾಷರ್ ಕೂರುವ ಮುಖವೂ ಥ್ರೆಡ್ಡೂ ಒಂದೇ ಹಿಡಿತದಲ್ಲಿ ಬಂದರೆ ಮಾತ್ರ ಎರಡೂ ಒಂದಕ್ಕೊಂದು ನೇರ ಇರುತ್ತವೆ. ಇಲ್ಲಿ ಸೋಮಾರಿತನ ಮಾಡಿದರೆ ಎಣ್ಣೆ ಮತ್ತೆ ಸೋರುತ್ತದೆ.

ತಲೆಗೆ ಅಂಟಿಕೊಂಡಂತೆ 2.5 ಅಗಲದ ಹಳ್ಳ 15.8 ವ್ಯಾಸಕ್ಕೆ ಇಳಿಸಿ. ಥ್ರೆಡ್‌ನ ತಳ 16.16ರ ಹತ್ತಿರ ಬರುವುದರಿಂದ ಹಳ್ಳ ಅದಕ್ಕಿಂತ ಸ್ವಲ್ಪ ಆಳ. ತುದಿಯ ಅಂಚಿಗೆ ಒಂದೂವರೆ ಮಿ.ಮೀ. ಚಾಂಫರ್ (ಓರೆ) ಹಾಕಿ.

ಥ್ರೆಡ್ ಹೊಡೆಯುವುದು

ಟೂಲ್ ಕೆಳಗೆ ಎರಡು ಸ್ಲೈಡ್ ಇರುತ್ತವೆ: ರಾಡ್‌ಗೆ ಅಡ್ಡಲಾಗಿ ಸರಿಯುವುದು ಕ್ರಾಸ್ ಸ್ಲೈಡ್, ಅದರ ಮೇಲೆ ಬೇಕಾದ ಕೋನಕ್ಕೆ ತಿರುಗುವುದು ಕಾಂಪೌಂಡ್. ಕಾಂಪೌಂಡ್ ಸ್ಲೈಡನ್ನು ಇಪ್ಪತ್ತೊಂಬತ್ತೂವರೆ ಡಿಗ್ರಿಗೆ ತಿರುಗಿಸಿ. ನೇರ ಒಳಗೆ ಕಟ್ ಕೊಟ್ಟರೆ ಟೂಲ್‌ನ ಎರಡೂ ಬದಿ ಒಟ್ಟಿಗೆ ಕಟ್ ಮಾಡಿ ಸಿಕ್ಕಿಹಾಕಿಕೊಳ್ಳುತ್ತದೆ. ಓರೆಯಲ್ಲಿ ಹೋದರೆ ಕೆಲಸವೆಲ್ಲ ಒಂದು ಬದಿಯದು, ಇನ್ನೊಂದು ಬದಿ ಸವರುತ್ತದೆ ಅಷ್ಟೆ. ಒಂದು ಎಚ್ಚರಿಕೆ: ಈ ಕೋನ ಕ್ರಾಸ್ ಸ್ಲೈಡ್‌ನ ದಿಕ್ಕಿನಿಂದ ಅಳೆಯಬೇಕಾದದ್ದು. ಕೆಲವು ಮೆಷಿನ್‌ಗಳಲ್ಲಿ ಸೊನ್ನೆ ಬೇರೆ ಕಡೆ ಇರುತ್ತದೆ, ಅಲ್ಲಿ ಇದು ಅರವತ್ತೂವರೆ ಅಂತ ಕಾಣುತ್ತದೆ. ಅಂಕಿ ನೋಡಬೇಡಿ, ಸ್ಲೈಡ್ ಯಾವ ಕಡೆ ವಾಲಿದೆ ನೋಡಿ.

ಸ್ಪೀಡ್ 60 ಸುತ್ತಿಗೆ ಇಳಿಸಿ. ಅಷ್ಟು ನಿಧಾನ ಯಾಕೆ? 60 ಸುತ್ತಿನಲ್ಲಿ ಟೂಲ್ ಸೆಕೆಂಡಿಗೆ 1.5 ಮಿ.ಮೀ. ಹೋಗುತ್ತದೆ. ಪೂರ್ತಿ ಉದ್ದಕ್ಕೆ 9 ಸೆಕೆಂಡ್. ಕೊನೆಯ ಹಳ್ಳ ದಾಟಲು ಎರಡು ಸೆಕೆಂಡೂ ಇಲ್ಲ. ಆ ಹೊತ್ತಿನಲ್ಲಿ ನೀವು ನಿಲ್ಲಿಸಿರಬೇಕು. 300ರಲ್ಲಿ ಓಡಿಸಿದರೆ ಟೂಲ್ ತಲೆಗೆ ಗುದ್ದಿದ ಮೇಲೆ ನಿಮಗೆ ಗೊತ್ತಾಗುತ್ತದೆ. ಧೈರ್ಯ ಸಾಲದಿದ್ದರೆ ಕೊನೆಯ ಎರಡು ಸುತ್ತು ಮೋಟಾರ್ ಆಫ್ ಮಾಡಿ ಚಕ್ಕನ್ನು ಕೈಯಲ್ಲೇ ತಿರುಗಿಸಿ. ನಾನು ಈಗಲೂ ಹಾಗೇ ಮಾಡುವುದು. ಯಾರೂ ನಗುವುದಿಲ್ಲ. ನಕ್ಕರೂ ಪ್ಲಗ್ ನಿಮ್ಮದು ತಾನೇ?

ರಾಡ್ ಮೇಲೆ ಮಾರ್ಕರ್ ಬಳಿಯಿರಿ. ಟೂಲ್ ತುದಿ ತಾಗಿಸಿ ಎರಡೂ ಡಯಲ್ ಸೊನ್ನೆಗೆ ತನ್ನಿ. ಮೊದಲ ಕಟ್ ಬರೀ ಗೀರು, ಕಾಂಪೌಂಡ್‌ನಲ್ಲಿ 0.03ಕ್ಕಿಂತ ಜಾಸ್ತಿ ಬೇಡ. ಅದು ಆದ ತಕ್ಷಣ ಮೆಷಿನ್ ನಿಲ್ಲಿಸಿ ಪಿಚ್ ಗೇಜ್ ಇಡಿ. ಗೇರ್ ತಪ್ಪಿದ್ದರೆ ಈಗಲೇ ಗೊತ್ತಾಗಲಿ.

ಸರಿ ಇದ್ದರೆ ಮುಂದಕ್ಕೆ. ಪ್ರತಿ ಕಟ್‌ನ ಕೊನೆಯಲ್ಲಿ ಕ್ರಾಸ್ ಸ್ಲೈಡ್ ಹಿಂದಕ್ಕೆ ಎಳೆಯಿರಿ, ಟೂಲ್ ಶುರುವಿಗೆ ತನ್ನಿ, ಕ್ರಾಸ್ ಸ್ಲೈಡ್ ಮತ್ತೆ ಸೊನ್ನೆಗೆ, ಹೊಸ ಕಟ್ ಮಾತ್ರ ಕಾಂಪೌಂಡ್‌ನಲ್ಲಿ. ನಾನು ಕೊಟ್ಟದ್ದು 0.20, 0.20, 0.15, 0.15, 0.10, 0.10, 0.05, 0.05. ಒಟ್ಟು 1.00. 1.5 ಪಿಚ್‌ನ ಥ್ರೆಡ್ ಆಳ 0.92, ಓರೆಯಲ್ಲಿ ಹೋಗುವುದರಿಂದ ಕಾಂಪೌಂಡ್‌ನಲ್ಲಿ 1.06 ಆಗುತ್ತದೆ. 1.00ಕ್ಕೆ ನಿಂತು ಅಳೆಯಲು ಶುರು ಮಾಡಿ. ಕಟಿಂಗ್ ಆಯಿಲ್ ಬ್ರಶ್‌ನಲ್ಲಿ ಧಾರಾಳವಾಗಿ ಹಚ್ಚುತ್ತಿರಿ.

ಈಗ ಆ ಹಳೆ ಸೆನ್ಸರ್ ಮತ್ತೆ ಬೇಕು. ಗಾಡಿ ಮನೆಯಲ್ಲಿ, ರಾಡ್ ಚಕ್‌ನಲ್ಲಿ. ತೂತಿಗೆ ಹಾಕಿ ನೋಡಲು ಆಗುವುದಿಲ್ಲ. ರಾಡ್ ಬಿಚ್ಚಿದರೆ ಥ್ರೆಡ್‌ನ ದಾರಿ ತಪ್ಪುತ್ತದೆ. ಹಾಗಾಗಿ ಸೆನ್ಸರನ್ನೇ ಅಳತೆಗೋಲು ಮಾಡಿಕೊಳ್ಳಬೇಕು. 0.9 ಮಿ.ಮೀ.ನ ಮೂರು ಡ್ರಿಲ್ ಬಿಟ್ ತನ್ನಿ. ಅವುಗಳ ನುಣುಪಾದ ಹಿಂಭಾಗವನ್ನು ಥ್ರೆಡ್‌ನ ಸಂದಿಯಲ್ಲಿ ಇಡಿ, ಒಂದು ಬದಿಗೆ ಎರಡು, ಎದುರು ಬದಿಗೆ ಒಂದು. ಗ್ರೀಸ್ ಹಚ್ಚಿದರೆ ಅಂಟಿಕೊಂಡು ನಿಲ್ಲುತ್ತವೆ. ಮೇಲಿಂದ ಮೈಕ್ರೋಮೀಟರ್ ಹಿಡಿಯಿರಿ. ಸೆನ್ಸರ್‌ನಲ್ಲಿ ನನಗೆ 18.28 ಬಂತು. ಅದು ತೂತಿನಲ್ಲಿ ಸಡಿಲ. ಅಂದರೆ ನನ್ನ ಪ್ಲಗ್ ಇದಕ್ಕಿಂತ ದಪ್ಪ ಇರಬೇಕು. ಎಷ್ಟು ದಪ್ಪ? ಅದನ್ನು ಹೇಳಲು ತೂತು ಇಲ್ಲಿಲ್ಲ. ಅದಕ್ಕೇ ಮೂರು ಪ್ಲಗ್: 18.30, 18.35, 18.40. ಮನೆಗೆ ಹೋಗಿ ಯಾವುದು ಕೂರುತ್ತದೋ ಅದು.

ಕಾಂಪೌಂಡ್ 0.03 ಒಳಗೆ ಹೋದರೆ ಈ ಅಳತೆ 0.05 ಇಳಿಯುತ್ತದೆ. ಹತ್ತಿರ ಬಂದಾಗ ಹೊಸ ಕಟ್ ಕೊಡದೆ ಅದೇ ದಾರಿಯಲ್ಲಿ ಎರಡು ಸಲ ಸುಮ್ನೆ ಓಡಿಸಿ, ಆಮೇಲೆ ಅಳೆಯಿರಿ. ಒತ್ತಡಕ್ಕೆ ಬಾಗಿದ್ದ ಟೂಲ್ ಆಗ ಉಳಿದದ್ದನ್ನು ತೆಗೆಯುತ್ತದೆ. ಮೂತಿ ತುಂಬಾ ಚೂಪಾಗಿದ್ದರೆ 1.06ಕ್ಕಿಂತ ಸ್ವಲ್ಪ ಜಾಸ್ತಿಯೇ ಹೋಗಬೇಕಾಗಬಹುದು. ಗಾಬರಿ ಬೇಡ, ಡಯಲ್‌ಗಿಂತ ಮೈಕ್ರೋಮೀಟರ್ ನಂಬಿ.

ಮುಗಿದ ಮೇಲೆ ನುಣ್ಣನೆಯ ಅರದಿಂದ ಥ್ರೆಡ್ ನೆತ್ತಿಯ ಮುಳ್ಳುಗಳನ್ನು ಸವರಿ. ರಾಡ್‌ನಿಂದ ತುಂಡು ಬೇರ್ಪಡಿಸುವ ಪಾರ್ಟಿಂಗ್ ಟೂಲ್‌ನಲ್ಲಿ ತಲೆ 10.5 ಎತ್ತರಕ್ಕೆ ಕತ್ತರಿಸಿ. ಪ್ಲಗ್ ತಿರುಗಿಸಿ ಹಿಡಿದು ಆ ಅರ್ಧ ಮಿ.ಮೀ. ಫೇಸ್ ಮಾಡಿ, ಮೂಲೆಗಳಿಗೆ ಚಾಂಫರ್ ಹಾಕಿ. ಹಿಡಿಯುವಾಗ ಥ್ರೆಡ್ ಮೇಲೆ ನೇರ ಜಾ ಬೇಡ, ತಾಮ್ರದ ತಗಡು ಸುತ್ತಿ. ಉಳಿದ ಎರಡೂ ಹೀಗೆಯೇ.

ಕೂರಿಸುವುದು

ಎಂಜಿನ್ ತಣ್ಣಗಿರುವಾಗ ಸಣ್ಣ ಪ್ಲಗ್‌ನಿಂದ ಶುರು ಮಾಡಿ. ಬೆರಳಲ್ಲಿ ಮಾತ್ರ ತಿರುಗಿಸಿ, ಸ್ಪ್ಯಾನರ್ ದೂರ ಇರಲಿ. ನನ್ನ ತೂತಿಗೆ 18.30 ಇನ್ನೂ ಸ್ವಲ್ಪ ಅಲ್ಲಾಡಿತು. 18.35 ಪರವಾಗಿಲ್ಲ ಅನ್ನಿಸಿತು. 18.40 ಬೆರಳಿಗೆ ಸ್ವಲ್ಪ ಬಿಗಿ ಕೊಡುತ್ತಾ ಕೊನೆಯವರೆಗೂ ನುಣ್ಣಗೆ ಹೋಯಿತು, ಅಲ್ಲಾಡಲಿಲ್ಲ. ಅದನ್ನೇ ಇಟ್ಟುಕೊಂಡೆ. ಎಲ್ಲಾದರೂ ಗಕ್ಕಂತ ನಿಂತರೆ ಬಲವಂತ ಮಾಡಬೇಡಿ. ಅಲ್ಯೂಮಿನಿಯಂ ಒಂದು ಸಲ ಸೋತರೆ ಮತ್ತೆ ಸೋಲಲು ಅದಕ್ಕೆ ಏನೂ ಉಳಿದಿರುವುದಿಲ್ಲ.

ತಾಮ್ರದ ವಾಷರ್ 18 ಒಳವ್ಯಾಸ, 24 ಹೊರವ್ಯಾಸ. ಹಾಕುವ ಮುಂಚೆ ಗ್ಯಾಸ್ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಮೆತ್ತಗಿರುವ ವಾಷರ್ ಸಣ್ಣಪುಟ್ಟ ಗೀರುಗಳನ್ನು ತಾನೇ ತುಂಬಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಇದನ್ನು ಮಾಡುವ ಮುಂಚೆ ಮನೆಯವರಿಗೆ ಒಂದು ಮಾತು ಹೇಳಿ.

ಸ್ವಲ್ಪ ಹೊಸ ಎಣ್ಣೆ ಸುರಿದು, ತೂತಿನಿಂದ ಹರಿಯಬಿಟ್ಟು, ಒಳಗೆ ಬಿದ್ದಿರಬಹುದಾದ ಚೂರುಗಳನ್ನು ತೊಳೆಯಿರಿ. ಆಮೇಲೆ ವಾಷರ್ ಹಾಕಿ ಪ್ಲಗ್ ತಿರುಗಿಸಿ. ಸಾಮಾನ್ಯ ರಿಂಗ್ ಸ್ಪ್ಯಾನರ್, ಒಂದು ಕೈ, ವಾಷರ್ ಕೂತಿತು ಅನ್ನಿಸಿದ ಮೇಲೆ ಕಾಲು ಸುತ್ತಿಗಿಂತ ಕಮ್ಮಿ. ಪೈಪ್ ಎಲ್ಲಾದರೂ ಕಣ್ಣಿಗೆ ಬಿದ್ದರೆ ಅಟ್ಟಕ್ಕೆ ಎಸೆಯಿರಿ. ಎಣ್ಣೆ ತುಂಬಿ, ರಟ್ಟು ಹಾಸಿ, ರಾತ್ರಿ ಬಿಡಿ. ಸುಮಾರು 100 ಕಿಲೋಮೀಟರ್ ಓಡಿಸಿದ ಮೇಲೆ ಒಂದು ಸಲ ಬಿಗಿ ನೋಡಿ, ವಾಷರ್ ಇನ್ನಷ್ಟು ಕೂತಿರುತ್ತದೆ.

ಉಳಿದ ಎರಡು ಪ್ಲಗ್‌ಗಳ ತಲೆಯ ಮೇಲೆ ಅವುಗಳ ಅಳತೆ ಬರೆದು ಟೂಲ್ ಬಾಕ್ಸ್‌ಗೆ ಹಾಕಿಟ್ಟಿದ್ದೇನೆ. ಮೊನ್ನೆ ಗೆಳೆಯನೊಬ್ಬ ಬಂದು ತನ್ನ ಗಾಡಿಯೂ ಸೋರುತ್ತಿದೆ, ಅದರಲ್ಲಿ ಒಂದು ಕೊಡು ಅಂದ. ಪ್ಲಗ್ ಕೊಡಲಿಲ್ಲ. ಸೆನ್ಸರ್ ಕೊಟ್ಟು, ತೂತು ತೊಳೆದು ನೋಡಿಕೊಂಡು ಬಾ ಅಂದೆ.